ಎಡಕ್ಕೆ ಒಂದು, ಬಲಕ್ಕೆ ಎರಡು

ನರಸಿಂಹರಾಜುವಿನ ಬಂದೂಕು ನೆಟ್ಟಗೆ ಹೊಡೆಯುವುದಿಲ್ಲ ಅನ್ನುವುದು ಮಧುಗಿರಿಯಲ್ಲಿ ಯಾರಿಗೂ ತಿಳಿಯದ ಗುಟ್ಟೇನಲ್ಲ. ಬೆಟ್ಟದ ಬುಡದಲ್ಲಿ, ಭಾನುವಾರ ಬೆಟ್ಟ ಹತ್ತುವವರು ಬೈಕು ಕಾರು ನಿಲ್ಲಿಸುವ ಕಡೆ, ಇಪ್ಪತ್ತೆಂಟು ವರ್ಷದಿಂದ ಅವನ ಬಲೂನು ಅಂಗಡಿ ಇದೆ. ಒಂದು ಮರದ ಚೌಕಟ್ಟು, ಅದರ ಮೇಲೊಂದು ಕರಿ ಕಂಬಳಿ, ಕಂಬಳಿಯ ತುಂಬ ಸಾಲಾಗಿ ಬಲೂನು. ಹತ್ತು ಗುಂಡಿಗೆ ಹತ್ತು ಬಲೂನು ಒಡೆದವರಿಗೆ ಒಂದು ಸ್ಟೀಲ್ ಡಬ್ಬಿ ಬಹುಮಾನ. ಮೊದಲ ದಿನ ತಂದಿಟ್ಟ ಡಬ್ಬಿಯೇ ಇವತ್ತಿಗೂ ಅಲ್ಲಿ ಕೂತಿದೆ, ಅಂದಮೇಲೆ ಬಂದೂಕಿನ ಯೋಗ್ಯತೆ ನೀವೇ ಅಂದಾಜು ಮಾಡಿಕೊಳ್ಳಿ.

ಗಿರಾಕಿಗಳು ಸುಮ್ಮನಿರುತ್ತಾರೆಯೇ? ಪಕ್ಕದಲ್ಲಿ ಹೊಸ ಹೆಂಡತಿ ನಿಂತಿರುತ್ತಾಳೆ, ಹತ್ತರಲ್ಲಿ ಎರಡೂ ಒಡೆದಿರುವುದಿಲ್ಲ, ಮುಖ ಕೆಂಪಾಗುತ್ತದೆ. "ನಿನ್ನ ಬಂದೂಕೇ ಸೊಟ್ಟ ಕಣಯ್ಯಾ" ಅನ್ನುತ್ತಾರೆ. ಆಗ ನರಸಿಂಹರಾಜು ಒಂದು ಚೂರೂ ಬೇಜಾರು ಮಾಡಿಕೊಳ್ಳದೆ, "ಮಗಾ, ಬಾ ಇಲ್ಲಿ, ಅಣ್ಣಾರಿಗೆ ಒಂಚೂರು ತೋರ್ಸು" ಎಂದು ಮಗಳನ್ನು ಕರೆಯುತ್ತಿದ್ದ. ಎಂಟು ವರ್ಷದ ಸಹನಾ, ಎರಡು ಜಡೆ, ಮೂಗಿನ ತುದಿಯಲ್ಲಿ ಬೆವರು, ತನ್ನಷ್ಟೇ ಉದ್ದದ ಬಂದೂಕನ್ನು ಹಲಗೆಯ ಮೇಲಿಟ್ಟು ಹೊಡೆಯುತ್ತಿದ್ದಳು. ಮೊದಲನೆಯ ಗುಂಡು ಕಂಬಳಿಗೆ ಹೋಗುತ್ತಿತ್ತು. ಉಳಿದ ಒಂಬತ್ತಕ್ಕೆ ಒಂಬತ್ತು ಬಲೂನು ಢಬ್ ಢಬ್ ಎಂದು ಒಡೆಯುತ್ತಿದ್ದವು. ಗಿರಾಕಿ ಬಾಯಿ ಮುಚ್ಚಿಕೊಂಡು ಇನ್ನೊಂದು ಹತ್ತು ಗುಂಡಿಗೆ ದುಡ್ಡು ತೆಗೆಯುತ್ತಿದ್ದ.

ಇದರಲ್ಲಿ ಅಪ್ಪ ಮಗಳ ನಡುವೆ ಒಂದು ಸಂಜ್ಞೆ ಇತ್ತು. ಅವನು ಅವಳ ಹಿಂದೆ ನಿಂತು ನಾಲಗೆಯಲ್ಲಿ ಲೊಚಗುಟ್ಟುತ್ತಿದ್ದ. ಗುಂಡು ಎಡಕ್ಕೆ ಹೋದರೆ ಒಂದು ಲೊಚ್, ಬಲಕ್ಕೆ ಹೋದರೆ ಎರಡು. ನೋಡುವವರಿಗೆ ಹಲ್ಲಿನ ಸಂದಿಯಲ್ಲಿ ಅಡಿಕೆ ಸಿಕ್ಕಿಕೊಂಡ ಹಾಗೆ ಕಾಣುತ್ತಿತ್ತು. ಅವಳಿಗೆ ಮಾತ್ರ ಅದು ಅಪ್ಪನ ಮಾತು. ಅದನ್ನು ಕೇಳುತ್ತಿದ್ದ ಹಾಗೆ ಕೈ ತಾನಾಗಿಯೇ ಆಚೆಗೋ ಈಚೆಗೋ ಸರಿಯುತ್ತಿತ್ತು.

ಈಗ ಸಹನಾಳಿಗೆ ಇಪ್ಪತ್ತಾರು. ಬಿಪಿಎಡ್ ಮುಗಿಸಿ ಮೂರು ವರ್ಷ ಆಗಿದೆ. ಒಂದು ಶಾಲೆಯಲ್ಲಿ ಮಕ್ಕಳಿಗೆ ಖೊಖೊ ಹೇಳಿಕೊಡುವ ಕೆಲಸ, ಅದೂ ವರ್ಷ ವರ್ಷ ಹೊಸದಾಗಿ ಕೈಮುಗಿದು ಕೇಳಿಕೊಳ್ಳಬೇಕಾದ ಕೆಲಸ. ಕೊರಟಗೆರೆ ರಸ್ತೆಯ ವಸತಿ ಶಾಲೆಯೊಂದರಲ್ಲಿ ಹೆಣ್ಣುಮಕ್ಕಳಿಗಾಗಿ ಹತ್ತು ಮೀಟರಿನ ಶೂಟಿಂಗ್ ರೇಂಜ್ ಮಾಡುತ್ತಾರೆ, ತರಬೇತಿಗೆ ಜನ ಬೇಕು ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಅವಳು ಮರುದಿನ ಬೆಳಗ್ಗೆ ಅಲ್ಲಿದ್ದಳು. ಹುಡುಗಿಯರಿಗೆ ಗುರಿ ಹೇಳಿಕೊಡುವುದು ಅವಳಿಗೆ ಬರೀ ಕೆಲಸವಾಗಿ ಕಾಣಲಿಲ್ಲ. ತಾನು ಹುಟ್ಟಿದ್ದೇ ಇದಕ್ಕೆ ಅನ್ನಿಸಿತ್ತು.

ಶಾಲೆಯ ಕಾರ್ಯದರ್ಶಿ ರೇಣುಕಪ್ರಸಾದ್ ಒಳ್ಳೆಯ ಮನುಷ್ಯನೇ. ಆದರೆ ಒಳ್ಳೆಯ ಮನುಷ್ಯರು ನಗುನಗುತ್ತ ಆಡುವ ಮಾತು ಇನ್ನೂ ಜಾಸ್ತಿ ಚುಚ್ಚುತ್ತದೆ.

"ಬಲೂನು ಹೊಡೆದ ಅನುಭವ ಸರ್ಟಿಫಿಕೇಟ್ ಅಲ್ಲಮ್ಮ" ಎಂದ. "ನವೆಂಬರ್ ಕೊನೇಲಿ ತುಮಕೂರಿನ ಕ್ಲಬ್ಬಲ್ಲಿ ಟ್ರಯಲ್ ಇದೆ. ನಲವತ್ತು ಗುಂಡು, ನಾನೂರು ಅಂಕ. ಮುನ್ನೂರ ಅರವತ್ತು ತಗೊಂಡು ಬನ್ನಿ, ಈ ರೇಂಜ್ ರೂಮಿನ ಬೀಗದ ಕೈ ನಿಮ್ಮ ಕೈಯಲ್ಲೇ ಕೊಡ್ತೀನಿ. ಒಂದು ಕಮ್ಮಿ ಆದ್ರೂ ನಮ್ಮ ಆಡಳಿತ ಮಂಡಳಿಯೋರು ಒಪ್ಪಲ್ಲ, ತುಮಕೂರಿಂದ ಬೇರೆಯೋರು ಬರ್ತಾರೆ."

"ತರ್ತೀನಿ ಸರ್" ಎಂದಳು ಸಹನಾ. ಅಷ್ಟೇ.

ಕ್ಲಬ್ಬಿನವರು ಸದಸ್ಯರಲ್ಲದವರಿಗೆ ರೈಫಲ್ ಎರವಲು ಕೊಡುವುದಿಲ್ಲ. ಕೊಟ್ಟರೂ ದಿನಾ ತುಮಕೂರಿಗೆ ಹೋಗಿ ಬರುವುದು ಆಗುವ ಮಾತಲ್ಲ. ತನ್ನದೇ ಒಂದು ಬೇಕು, ಅದೂ ಬಲೂನು ಅಂಗಡಿಯ ಸ್ಪ್ರಿಂಗ್ ಬಂದೂಕಲ್ಲ, ಪಿಸಿಪಿ. ಅಂದರೆ ನಳಿಗೆಯ ಕೆಳಗಿನ ಸಿಲಿಂಡರಿನಲ್ಲಿ ಮೊದಲೇ ಗಾಳಿ ಒತ್ತಿ ತುಂಬಿಟ್ಟುಕೊಳ್ಳುವ ರೈಫಲ್. ಎರಡು ವರ್ಷ ಕೂಡಿಟ್ಟಿದ್ದನ್ನು ಬ್ಯಾಂಕಿನಿಂದ ತೆಗೆದು, ಅಪ್ಪನನ್ನು ಕರೆದುಕೊಂಡು ಶಿರಾ ಬಸ್ಸು ಹತ್ತಿದಳು.

ಶಿರಾದ ಗಫೂರ್ ಸಾಬರು ಹೊಲಿಗೆ ಮೆಷಿನ್ ರಿಪೇರಿಯವರು. ಸುತ್ತಮುತ್ತಲ ಬಲೂನು ಅಂಗಡಿಗಳ ಏರ್ ಗನ್ನುಗಳಿಗೂ ಅವರೇ ವೈದ್ಯರು. ಅವರ ಮಾತಿಗೆ ಬೆಲೆ ಕೊಟ್ಟು ತುಮಕೂರಿನ ಸ್ಪೋರ್ಟ್ಸ್ ಅಂಗಡಿಯವರು ಮೂರು ರೈಫಲ್ ಕಳಿಸಿದ್ದರು. ಮೂರೂ ಲೈಸೆನ್ಸ್ ಬೇಡದ ಸಣ್ಣ ಗುಂಡಿನವು. ಚಾಪೆಯ ಮೇಲೆ ಸಾಲಾಗಿ ಮಲಗಿಸಿದ್ದರು.

ನರಸಿಂಹರಾಜುವಿನ ಕಣ್ಣು ಮೊದಲನೆಯದರ ಮೇಲೆ ಬಿದ್ದದ್ದು ಏಳಲೇ ಇಲ್ಲ. ಕಪ್ಪಗೆ ಮಿಂಚುತ್ತಿತ್ತು, ಮೇಲೊಂದು ದುರ್ಬೀನು ಬೇರೆ. "ಇದು ಕಣಮ್ಮ ಬಂದೂಕು ಅಂದ್ರೆ. ಇದ ಹೆಗಲಿಗೆ ಹಾಕ್ಕೊಂಡು ಹೋದ್ರೆ ತುಮಕೂರೋರು ಎದ್ದು ನಿಂತ್ಕೋಬೇಕು" ಎಂದ.

"ದುರ್ಬೀನು ಇದ್ರೆ ಎದ್ದು ನಿಂತ್ಕೊಳಲ್ಲ, ಎದ್ದು ಆಚೆಗೆ ಕಳಿಸ್ತಾರೆ" ಎಂದಳು ಸಹನಾ. "ಸ್ಪರ್ಧೇಲಿ ಅದಕ್ಕೆ ಅವಕಾಶ ಇಲ್ಲಪ್ಪ." ಎತ್ತಿ ನೋಡಿದಳು. ಹಿಡಿ ಉದ್ದವಾಯಿತು, ಭಾರ ಮುಂದಕ್ಕೆ ಎಳೆಯಿತು. ಕೆಳಗಿಟ್ಟಳು.

ಎರಡನೆಯದು ವಿದೇಶದ್ದು, ಯಾರೋ ಬಳಸಿ ಬಿಟ್ಟಿದ್ದು. ಮರದ ಕೆಲಸ ನೋಡಿದರೆ ತಂಬೂರಿಯ ನೆನಪಾಗಬೇಕು, ಅಷ್ಟು ನಯ. ಅವಳ ಕೈ ಅದನ್ನು ಬಿಡಲೊಲ್ಲದು. ಗಫೂರ್ ಸಾಬರು ಟಾರ್ಚ್ ಹಚ್ಚಿ ಸಿಲಿಂಡರಿನ ಕುತ್ತಿಗೆಯ ಮೇಲೆ ಕೊರೆದಿದ್ದ ತಾರೀಖು ತೋರಿಸಿದರು. ಅದರ ಆಯಸ್ಸು ಮುಗಿದು ನಾಲ್ಕು ವರ್ಷ ಆಗಿತ್ತು.

"ಇದ್ರೊಳಗೆ ಇನ್ನೂರು ಬಾರ್ ಹವಾ ತುಂಬ್ತೀಯ ಬೇಟಿ. ಬೈಕಿನ ಟೈರಿಗಿಂತ ನೂರು ಪಟ್ಟು. ತುಂಬಿ ದವಡೆಗೆ ಒತ್ಕೋತೀಯ. ಖೂಬ್‌ಸೂರತ್ ಅಂತ ಸಾಯಕ್ಕಾಯ್ತದಾ?"

ಮೂರನೆಯದು ನಮ್ಮ ದೇಶದ್ದೇ. ನೀಲಿ ಬಣ್ಣ, ಹಿಡಿಯ ಮೇಲೆ ಒಂದೆರಡು ಗೀರು, ನೋಡಲು ಏನೇನೂ ಇಲ್ಲ. ಹಿಂದೆ ಕೆನ್ನೆ ಊರುವ ಒರಗನ್ನು ಮೇಲೆ ಕೆಳಗೆ ಸರಿಸಿಕೊಳ್ಳಬಹುದಿತ್ತು. ಸಾಬರು ಅದನ್ನು ಅವಳ ಅಳತೆಗೆ ಸರಿಸಿ, "ಕಣ್ಣು ಮುಚ್ಕೊಂಡು ಎತ್ತು. ಸುಖವಾಗಿ ಕೂತ್ಮೇಲೆ ಕಣ್ಣು ಬುಡು" ಎಂದರು. ಸಹನಾ ಕಣ್ಣು ಮುಚ್ಚಿ ಎತ್ತಿ, ಕೆನ್ನೆ ಊರಿ, ಉಸಿರು ಬಿಟ್ಟು ಕಣ್ಣು ತೆರೆದಳು. ಹಿಂದಿನ ತೂತಿನ ನಟ್ಟನಡುವೆ ತುದಿಯ ಉಂಗುರ ಬಂದು ಕೂತಿತ್ತು. ಇನ್ನೊಮ್ಮೆ ಮಾಡಿದಳು. ಮತ್ತೆ ಹಾಗೆಯೇ.

"ಇದೇ" ಎಂದಳು.

"ಬರಾಬರ್" ಎಂದರು ಸಾಬರು. ಆಮೇಲೆ ಒಂದು ಮಾತು ಸೇರಿಸಿದರು. ಅದು ಆ ದಿನ ಅವಳ ಮನಸ್ಸಿಗೆ ಇಳಿಯಲಿಲ್ಲ. "ಸ್ಪ್ರಿಂಗ್ ಬಂದೂಕು ಕತ್ತೆ ಇದ್ದಂಗೆ, ಒದ್ದೇ ಹೋಗ್ತದೆ. ತಪ್ಪಿದ್ರೆ ಕತ್ತೆ ಮ್ಯಾಲೆ ಹಾಕ್ಬೋದು. ಇದು ಒದೆಯಲ್ಲ. ತಪ್ಪಿದ್ರೆ ನಿಂದೇ."

ಬಂದೂಕು ಮನೆಗೆ ಬಂದ ಮೇಲೆ ಒಂದು ವಾರ ಅದನ್ನು ಮನೆಯವರಿಂದ ಕಾಪಾಡುವುದೇ ಒಂದು ಕೆಲಸವಾಯಿತು. ಮೂರನೆಯ ದಿನ ನೋಡಿದರೆ ನರಸಿಂಹರಾಜು ಸಿಲಿಂಡರ್ ಬಿಚ್ಚಿ ಟವೆಲ್ಲಿನಲ್ಲಿ ಸುತ್ತಿಕೊಂಡು ಪಂಕ್ಚರ್ ಅಂಗಡಿಗೆ ಹೊರಟಿದ್ದ. ಮಗಳು ಪಂಪು ಒತ್ತಿ ಒತ್ತಿ ಸೊರಗುತ್ತಾಳೆ, ಅಲ್ಲಿ ಮೆಷಿನ್ ಇದೆ, ಎರಡು ನಿಮಿಷದ ಕೆಲಸ ಅನ್ನುವುದು ಅವನ ಲೆಕ್ಕ. ಬೀದಿಯ ತಿರುವಿನಲ್ಲಿ ಅವನನ್ನು ಹಿಡಿದು ವಾಪಸ್ ತಂದಳು. ಪಂಕ್ಚರ್ ಅಂಗಡಿಯ ಗಾಳಿ ಇದಕ್ಕೆ ಬಾಯಿ ಮುಕ್ಕಳಿಸಲೂ ಸಾಲದು. ಜೊತೆಗೆ ಅದರಲ್ಲಿ ನೀರಿನ ಅಂಶ, ಎಣ್ಣೆಯ ಅಂಶ. ನಿಂತು ಒತ್ತುವ ಕೈಪಂಪೇ ಗತಿ. ಮೊದಮೊದಲು ಹಗುರ, ನೂರ ಅರವತ್ತು ದಾಟಿದ ಮೇಲೆ ನಲವತ್ತೆಂಟು ಕಿಲೋದ ಸಹನಾ ಹಿಡಿಯ ಮೇಲೆ ಮೈಯನ್ನೆಲ್ಲ ಹೇರಿದರೂ ಅದು ಇಳಿಯದು. ಆಗ ಅವ್ವ ಶಿವಲಕ್ಷ್ಮಿ ಹಿಂದಿನಿಂದ ಬಂದು ಅವಳ ಹೆಗಲ ಮೇಲೆ ಎರಡೂ ಕೈ ಊರಿ ಒತ್ತುತ್ತಿದ್ದಳು. ಇಬ್ಬರೂ ಸೇರಿ ಮುಳ್ಳನ್ನು ಇನ್ನೂರಕ್ಕೆ ಮುಟ್ಟಿಸಿ ನೆಲಕ್ಕೆ ಕೂರುತ್ತಿದ್ದರು.

ಅದೇ ಅವ್ವ ಆಯುಧಪೂಜೆಯ ದಿನ ಮಾಡಿದ ಕೆಲಸ ನೋಡಿ. ಕುಡುಗೋಲು, ಮಚ್ಚು, ಅಂಗಡಿಯ ಹಳೇ ಬಂದೂಕು ಎಲ್ಲಕ್ಕೂ ಹರಳೆಣ್ಣೆ ಒರೆಸಿ ಕುಂಕುಮ ಇಟ್ಟವಳು, ಹೊಸದಕ್ಕೂ ಭೇದ ಮಾಡಬಾರದೆಂದು ಎಣ್ಣೆ ಬಟ್ಟೆ ಹಿಡಿದು ಗಾಳಿ ತುಂಬುವ ಬಾಯಿಗೇ ಕೈ ಹಾಕಿದ್ದಳು. ಸಹನಾ ಓಡಿಬಂದು ಕೈ ಹಿಡಿದಳು.

"ಅವ್ವಾ, ಅಲ್ಲಿ ಎಣ್ಣೆ ತಾಕಿ ಅಷ್ಟು ಒತ್ತಡದ ಗಾಳಿ ಬಿದ್ರೆ ಬೆಂಕಿ ಹತ್ಕೋತದೆ. ಕೈ ಹೋಗ್ತದೆ, ಕೈ."

"ಎಣ್ಣೆ ಕಾಣದ ಆಯ್ದ ಯಾವ ಸೀಮೇದವ್ವ" ಎಂದು ಗೊಣಗಿದ ಶಿವಲಕ್ಷ್ಮಿ, ಹಿಡಿಯ ಮೇಲೆ ಒಂದು ಬೊಟ್ಟು ಕುಂಕುಮ ಇಟ್ಟು, ಇದಕ್ಕಾದರೂ ಬೆಂಕಿ ಹತ್ತುತ್ತೋ ಎಂದು ಕೇಳಿದಳು. ಆ ಬೊಟ್ಟನ್ನು ಸಹನಾ ಒರೆಸಲಿಲ್ಲ.

ಅಭ್ಯಾಸಕ್ಕೆ ಜಾಗ ಸಿಕ್ಕಿದ್ದು ಸಂಜೀವಯ್ಯನವರ ಹುಣಸೆ ಗೋಡೌನಿನಲ್ಲಿ. ಹುಣಸೆ ಬಡಿಯುವ ಕಾಲದಲ್ಲಿ ಶಿವಲಕ್ಷ್ಮಿ ಅಲ್ಲೇ ಕೆಲಸ ಮಾಡುವವಳು. ಈಗ ಗೋಡೌನು ಖಾಲಿ. ಅಳೆದು ಹತ್ತು ಮೀಟರಿಗೆ ಸುಣ್ಣದ ಗೆರೆ ಎಳೆದು, ಎದುರು ಗೋಡೆಗೆ ಮರಳು ಚೀಲ ಪೇರಿಸಿ, ಮುಂದೆ ಕಾರ್ಡು ಸಿಕ್ಕಿಸಿದಳು. ಕಾರ್ಡಿನ ನಡುವಿನ ಹತ್ತರ ಚುಕ್ಕೆ ಸಾಸಿವೆ ಕಾಳಿಗಿಂತ ದೊಡ್ಡದಲ್ಲ. ನರಸಿಂಹರಾಜು ಅಂಗಡಿ ಬಿಟ್ಟು ಬಂದು ಅವಳ ಹಿಂದೆ ನಿಂತ. ಎಷ್ಟಾದರೂ ಹಳೆಯ ಜಾಗ ಅವನದು.

ಮೊದಲ ದಿನ ಮುನ್ನೂರ ಇಪ್ಪತ್ತೊಂದು. ಹೊಸದು, ಇರಲಿ ಅಂದುಕೊಂಡಳು. ಒಂದು ವಾರ ಕಳೆದರೂ ಮುನ್ನೂರ ಇಪ್ಪತ್ನಾಲ್ಕು. ಗುಂಡು ಎಡಕ್ಕೆ ಹೋಯಿತು ಎಂದು ಗುರಿಯ ತಿರುಪನ್ನು ಬಲಕ್ಕೆ ತಿರುಗಿಸಿದಳು. ಆಗ ಬಲಕ್ಕೆ ಹೋಯಿತು. ಎಡಕ್ಕೆ ತಿರುಗಿಸಿದಳು. ಹಿಂದಿನಿಂದ ಅಪ್ಪನ ನಾಲಗೆ ಒಂದು ಸಲ, ಎರಡು ಸಲ, ಒಂದು ಸಲ. ದಿನಕ್ಕೆ ಇನ್ನೂರು ಗುಂಡು ಹೊಡೆದಳು. ಎಡಗೈ ಮರಗಟ್ಟಿತು. ದೀಪಾವಳಿ ಕಳೆದು ಒಂದು ವಾರವಾದರೂ ಮುನ್ನೂರ ಮೂವತ್ತು ದಾಟಲಿಲ್ಲ. ಟ್ರಯಲ್ಲಿಗೆ ಉಳಿದದ್ದು ಹದಿನೆಂಟು ದಿನ.

ಬಂದೂಕಿನಲ್ಲೇ ಐಬು ಇದೆ ಎಂದು ಅವಳಿಗೆ ಖಾತ್ರಿಯಾಯಿತು. ಪೆಟ್ಟಿಗೆಗೆ ಹಾಕಿಕೊಂಡು ಒಬ್ಬಳೇ ಶಿರಾಕ್ಕೆ ಹೋದಳು. "ಸಾಬ್ರೇ, ಇದು ಸೊಟ್ಟ" ಎಂದು ಅವರ ಮುಂದಿಟ್ಟಳು.

ಗಫೂರ್ ಸಾಬರು ವಾದ ಮಾಡಲಿಲ್ಲ. ಅಂಗಡಿಯ ಹಿಂದಿನ ಉದ್ದನೆಯ ಓಣಿಯನ್ನು ಎರಡೂ ಕಡೆ ಮುಚ್ಚಿಸಿ, ಬೆಂಚಿನ ಮೇಲೆ ಎರಡು ಅಕ್ಕಿ ಚೀಲ ಇಟ್ಟು, ನಡುವೆ ರೈಫಲ್ ಅಮುಕಿ ಕೂರಿಸಿದರು. ತಿರುಪು ಮುಟ್ಟದೆ ಹತ್ತು ಗುಂಡು ಹೊಡೆದರು. ಕಾರ್ಡು ತಂದು ತೋರಿಸಿದರು. ಹತ್ತೂ ಒಂದೇ ತೂತಿನಲ್ಲಿ ಹೋಗಿದ್ದವು. ತೂತು ಕಡಲೆಕಾಯಿ ಬೀಜದಷ್ಟಿತ್ತು.

"ಈಗ ನೀನು ಹೊಡಿ" ಎಂದರು. ಅವಳು ಹೊಡೆಯುವಾಗ ಅವರು ಕಾರ್ಡಿನ ಕಡೆ ತಲೆಯೇ ಎತ್ತಲಿಲ್ಲ, ಸ್ಟೂಲಿನ ಮೇಲೆ ಕೂತು ಅವಳನ್ನೇ ನೋಡಿದರು. ಐದು ಗುಂಡಾದ ಮೇಲೆ ಸಾಕು ಎಂದು ಕೈ ತೋರಿಸಿದರು.

"ಒಂದೊಂದು ಗುಂಡು ಹೋದ್ಮೇಲೂ ಇಣುಕಿ ನೋಡ್ತೀಯ. ಆಮೇಲೆ ತುದಿ ಆ ಕಡೆ ಸರೀತದೆ, ಈ ಕಡೆ ಸರೀತದೆ. ಯಾರನ್ನ ಕೇಳ್ತಾ ಇದೀಯ ಬೇಟಿ?"

ಸಹನಾ ಬಂದೂಕಿನ ಬಾಯಿ ತೆರೆದು ಕೆಳಗಿಟ್ಟಳು. ಅವಳಿಗೆ ಕಿವಿಯಲ್ಲಿ ಲೊಚ್ ಎಂದು ಕೇಳಿಸಿತ್ತು.

ಮಧುಗಿರಿಯಲ್ಲಿ ಬಸ್ಸಿಳಿದವಳು ಮನೆಗೆ ಹೋಗದೆ ನೇರ ಬೆಟ್ಟದ ಬುಡಕ್ಕೆ ಹೋದಳು. ನರಸಿಂಹರಾಜು ಬಲೂನು ಊದುತ್ತ ಕೂತಿದ್ದ.

"ಅಪ್ಪಾ, ಈ ಅಂಗಡಿ ಬಂದೂಕಿನ ತುದಿಯ ಗುರಿ ಮೊಳೆ ಯಾವ ಕಡೆ ಬಗ್ಗಿಸಿದೀಯ?"

ಅವನು ಬಲೂನಿನ ಬಾಯಿ ಹಿಡಿದುಕೊಂಡೇ ನಕ್ಕ. "ಇದೇನು ಇವತ್ತು ಇಂಗೆ ಕೇಳ್ತೀಯ. ಒಂದೇ ಕಡೆ ಬಗ್ಸಿದ್ರೆ ದಿನಾ ಬರೋರು ಕಲ್ತುಕೊಂಡ್ಬುಡ್ತಾರೆ ಕಣವ್ವ. ದಿನಾ ಬೆಳಗ್ಗೆ ಒಂದೊಂದು ಕಡೆ. ಇವತ್ತು ಎಡಕ್ಕೆ, ನಾಳೆ ಬಲಕ್ಕೆ, ಒಂದೊಂದಿನ ಕೆಳಕ್ಕೆ. ನನಗೇ ಮರ್ತೋಯ್ತದೆ."

"ಮತ್ತೆ ನಾನು ಹೆಂಗೆ ಹೊಡೀತಿದ್ದೆ?"

"ಅದೇ ಅಲ್ವಾ ನಿನ್ನ ಚೆಂದ. ಮೊದಲ್ನೇ ಗುಂಡು ಎಲ್ಲಿ ಬಿತ್ತು ಅಂತ ನೋಡ್ತಿದ್ದೆ, ಅದಕ್ಕೆ ತಕ್ಕಂಗೆ ಕೈ ಸರಿಸ್ತಿದ್ದೆ. ಈ ಸುತ್ತಿನಾಗೆ ಇನ್ನೊಬ್ಬರಿಗೆ ಬರ್ತಿರಲಿಲ್ಲ. ಹಿಂದೆ ನಿಂತ್ಕೊಂಡು ನಂಗೆ ಎದೆ ಉಬ್ಬೋಗೋದು."

ಸಹನಾಳಿಗೆ ಎಲ್ಲ ತಿಳಿಯಿತು. ಸೊಟ್ಟ ಬಂದೂಕಿಗೆ ಆ ಬುದ್ಧಿ ಸರಿ. ನೆಟ್ಟಗಿನ ಬಂದೂಕಿಗೆ ಅದೇ ವಿಷ. ಗುಂಡು ಕೈ ನಡುಗಿ ಒಂದು ಕೂದಲು ಎಡಕ್ಕೆ ಹೋದರೆ, ಅವಳು ಬಂದೂಕು ಸೊಟ್ಟ ಎಂದುಕೊಂಡು ಮುಂದಿನದನ್ನು ಬಲಕ್ಕೆ ಹಿಡಿಯುತ್ತಿದ್ದಳು. ಮುಂದಿನದು ತನ್ನ ನಡುಕದ ಜೊತೆಗೆ ಈ ತಿದ್ದುಪಡಿಯನ್ನೂ ಹೊತ್ತು ಇನ್ನೂ ದೂರ ಹೋಗುತ್ತಿತ್ತು. ನಿಯತ್ತಿನ ಬಂದೂಕನ್ನು ಅವಳು ಒಂದು ಗುಂಡಿನ ಮಟ್ಟಿಗೂ ನಂಬಿರಲಿಲ್ಲ. ನಂಬುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಸಿಟ್ಟು ಬಂತು.

"ಸುಳ್ಳು ಬಂದೂಕು ಕೈಗೆ ಕೊಟ್ಟು ಗುರಿ ಕಲಿಸಿದೆಯಲ್ಲಪ್ಪ ನೀನು" ಎಂದಳು. "ನಾಳೆಯಿಂದ ಗೋಡೌನಿಗೆ ಬರಬೇಡ. ನನ್ನ ಹಿಂದೆ ನಿಂತ್ಕೋಬೇಡ."

ನರಸಿಂಹರಾಜುವಿನ ಕೈಯಿಂದ ಬಲೂನು ಬಿಟ್ಟುಹೋಗಿ ಸುಯ್ಯನೆ ಗಾಳಿ ಬಿಡುತ್ತ ಎಲ್ಲೋ ಬಿತ್ತು. ಅವನು ಅದನ್ನು ಹುಡುಕಲಿಲ್ಲ.

ಆವತ್ತು ರಾತ್ರಿ ಊಟದಲ್ಲಿ, ಅಂದುಬಿಟ್ಟೆನಲ್ಲ ಎಂದು ಸಹನಾಳಿಗೆ ಮುದ್ದೆ ಇಳಿಯಲಿಲ್ಲ. ಆದರೂ ಮಾತನ್ನು ವಾಪಸ್ ತೆಗೆದುಕೊಳ್ಳಲಿಲ್ಲ.

ಮರುದಿನ ಬೆಳಗ್ಗೆ ಅವಳು ಮೊದಲು ಮಾಡಿದ ಕೆಲಸ, ರೈಫಲನ್ನು ಚೀಲದ ಮೇಲಿಟ್ಟು ಗುಂಡು ನಡುವಿಗೆ ಬೀಳುವ ಹಾಗೆ ಗುರಿ ಕೂರಿಸಿ, ತಿರುಪುಗಳ ಮೇಲೆ ಕೆಂಪು ನೇಲ್ ಪಾಲಿಶ್ ಮೆತ್ತಿದ್ದು. ಒಣಗಿದ ಮೇಲೆ ಅದನ್ನು ಒಡೆಯದೆ ತಿರುಪು ತಿರುಗುವಂತಿಲ್ಲ. ಇನ್ನು ಮುಂದೆ ತಪ್ಪು ಬಂದೂಕಿನದಲ್ಲ. ಎರಡನೆಯದು, ಅವ್ವನನ್ನು ಕರೆದು ಒಂದು ಕೆಲಸ ಒಪ್ಪಿಸಿದಳು. ಒಂದು ಗುಂಡು ಹೊಡೆದು, ಬಂದೂಕಿನ ಬಾಯಿ ತೆರೆದು ಕೆಳಗಿಟ್ಟು, ತಾನು ಪಕ್ಕದ ಗೋಡೆಯ ಕಡೆ ತಿರುಗಿ ನಿಲ್ಲುವುದು. ಅವ್ವ ಹೋಗಿ ಕಾರ್ಡು ಬದಲಾಯಿಸಿ, ಹೊಡೆದ ಕಾರ್ಡನ್ನು ಮಗುಚಿ ಬುಟ್ಟಿಗೆ ಹಾಕಬೇಕು. ಸಂಜೆವರೆಗೆ ಯಾರೂ ನೋಡುವಂತಿಲ್ಲ, ಏನೂ ಹೇಳುವಂತಿಲ್ಲ.

"ಎಲ್ಲಿ ಬಿತ್ತು ಅಂತ ನೋಡದೆ ಹೊಡೆಯೋದು ಹೊಡೆಯೋದಾ?" ಎಂದಳು ಶಿವಲಕ್ಷ್ಮಿ.

"ಹೂಂ, ಅದೇ ಹೊಡೆಯೋದು" ಎಂದಳು ಮಗಳು.

ಹೇಳಿದಷ್ಟು ಸುಲಭವಲ್ಲ ಅದು. ಕೆರೆಯಬಾರದ ಗಾಯದ ಹಾಗೆ ಕಾರ್ಡು ನೆನಪಾಗುತ್ತಿತ್ತು. ಕುತ್ತಿಗೆ ತಾನಾಗಿಯೇ ತಿರುಗಲು ನೋಡುತ್ತಿತ್ತು, ಹಲ್ಲು ಕಚ್ಚಿ ತಡೆಯುತ್ತಿದ್ದಳು. ಮೊದಲ ದಿನ ಮುನ್ನೂರ ಮೂವತ್ತೆಂಟು. ನಾಲ್ಕನೆಯ ದಿನ ನಲವತ್ತಾರು. ಬೆಳಗ್ಗೆ ಶಾಲೆಯ ಖೊಖೊ, ಮಧ್ಯಾಹ್ನ ಪಂಪು, ಸಂಜೆ ಗೋಡೌನು. ಎಂಟನೆಯ ದಿನ ಐವತ್ತೆರಡು. ಒಂದು ದಿನ ತಾಳಲಾರದೆ ಒಂದು ಕಾರ್ಡು ಇಣುಕಿದಳು, ಆವತ್ತು ನಲವತ್ತಕ್ಕೆ ಬಿತ್ತು. ಆಮೇಲೆ ಇಣುಕಲಿಲ್ಲ. ಕೊನೆಯ ದಿನ ಶಿವಲಕ್ಷ್ಮಿ ಬುಟ್ಟಿ ಮುಂದಿಟ್ಟುಕೊಂಡು, ಹುಣಸೆ ಬೀಜ ಬಿಡಿಸುವ ಗಾಂಭೀರ್ಯದಲ್ಲಿ ಒಂದೊಂದೇ ಕಾರ್ಡು ತಿರುವಿ ಕೂಡಿದಳು. ಮುನ್ನೂರ ಐವತ್ತೆಂಟು.

"ಎರಡೇ ಕಮ್ಮಿ" ಎಂದಳು ಅವ್ವ.

ಸಹನಾ ಕಾರ್ಡುಗಳನ್ನು ಜೋಡಿಸಿ ರಬ್ಬರ್ ಹಾಕಿದಳು. ಆ ಎರಡು ಸಿಗದೆ, ಒಂದು ದಿನವೂ ಮುನ್ನೂರ ಅರವತ್ತು ಕಾಣದೆ ಅವಳು ಟ್ರಯಲ್ಲಿಗೆ ಹೊರಡಬೇಕಾಗಿತ್ತು.

ಬೆಳಗಿನ ಬಸ್ಸಿಗೆ ನರಸಿಂಹರಾಜು ಇಸ್ತ್ರಿ ಅಂಗಿ ಹಾಕಿ ಬಾಗಿಲಲ್ಲಿ ನಿಂತಿದ್ದ. ಹದಿನೇಳು ದಿನ ಮಗಳ ಜೊತೆ ಅವನು ಅವಶ್ಯಕತೆಗಿಂತ ಹೆಚ್ಚು ಮಾತಾಡಿರಲಿಲ್ಲ. "ಪಂಪು ಭಾರ ಐತೆ, ನಾನು ಹೊತ್ಕೊಂಡು ಬತ್ತೀನಿ" ಎಂದ. "ಒಳಕ್ಕೆ ಬರಲ್ಲ ಕಣವ್ವ."

ಅವಳು ಪಂಪನ್ನು ಅವನ ಕೈಗೆ ಕೊಟ್ಟಳು.

ತುಮಕೂರಿನ ಕ್ಲಬ್ಬಿನ ಹಾಲ್ ಉದ್ದಕ್ಕೆ, ತಣ್ಣಗೆ, ಮೇಲುಗಡೆ ಸಣ್ಣ ಜಾಲರಿ ಕಿಟಕಿಗಳು. ಹಗ್ಗ ಎಳೆದರೆ ಕಾರ್ಡು ಎದುರು ಗೋಡೆಗೆ ಹೋಗುತ್ತದೆ, ಹೊಡೆದ ಮೇಲೆ ಎಳೆದರೆ ಕೈಗೆ ಬರುತ್ತದೆ. ಉಳಿದ ಹುಡುಗಿಯರು ಪ್ರತಿ ಗುಂಡಿಗೂ ಪಕ್ಕದ ಸ್ಟ್ಯಾಂಡಿನ ಸಣ್ಣ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ಸಹನಾ ಪರೀಕ್ಷೆಯ ಗುಂಡು ಮೂರೇ ಹೊಡೆದು ನೋಡಿದಳು. ಕೆಂಪು ಬಣ್ಣ ಒಡೆದಿರಲಿಲ್ಲ, ಗುಂಡು ನಡುವಿನಲ್ಲೇ ಇದ್ದವು. ಅಷ್ಟು ಸಾಕು. ಆಮೇಲೆ ಒಂದೊಂದು ಕಾರ್ಡು ಕೈಗೆ ಬಂದಾಗಲೂ ತಲೆ ಗೋಡೆಯ ಕಡೆ ತಿರುಗಿಸಿ, ಬೆರಳಲ್ಲೇ ತಡವಿ ಬಿಡಿಸಿ, ಮಗುಚಿ ಮೇಜಿನ ಮೇಲಿಟ್ಟಳು. ಪಕ್ಕದ ಹುಡುಗಿ ಇವಳಿಗೆ ಏನಾಗಿದೆ ಎನ್ನುವ ಹಾಗೆ ನೋಡಿದಳು.

ಹತ್ತಾಯಿತು, ಇಪ್ಪತ್ತಾಯಿತು, ಮೂವತ್ತಾಯಿತು. ಕೆನ್ನೆ ಊರು, ಉಸಿರು ಬಿಡು, ಉಂಗುರದೊಳಗೆ ಕಪ್ಪು ನಿಲ್ಲಲಿ, ಬೆರಳು ತಾನಾಗಿ ಒತ್ತಲಿ. ಮೂವತ್ತೊಂದನೆಯದಕ್ಕೆ ಬೆರಳು ಒತ್ತುತ್ತಿದ್ದ ಹಾಗೇ, ಮೇಲಿನ ಜಾಲರಿ ಕಿಟಕಿಯಾಚೆ ಯಾರೋ ಕೆಮ್ಮಿದರು. ಯಾರೋ ಏನು, ಬೀಡಿ ಸೇದಿ ಕೆಟ್ಟ ಆ ಕೆಮ್ಮನ್ನು ಅವಳು ಸಾವಿರ ಜನರ ನಡುವೆ ಗುರುತು ಹಿಡಿಯಬಲ್ಲಳು. ತುದಿ ಹಾರಿತು. ಟಪ್ ಎಂದು ಗುಂಡು ಹೋಯಿತು. ಕೆಟ್ಟಿತು ಎಂದು ಮೈಯೇ ಹೇಳಿತು.

ಎಷ್ಟು ಕೆಟ್ಟಿತು? ಎಡಕ್ಕೋ, ಬಲಕ್ಕೋ? ಕಾರ್ಡು ಹಗ್ಗದ ಮೇಲೆ ತೂಗಾಡುತ್ತ ಬಂದು ಕೈ ಮುಟ್ಟಿತು. ಒಂದು ಕ್ಷಣ ನೋಡಿದರೆ ಸಾಕು, ಮುಂದಿನದನ್ನು ತಿದ್ದಿಕೊಳ್ಳಬಹುದು ಎಂದು ಎಂಟು ವರ್ಷದ ಎರಡು ಜಡೆಯ ಹುಡುಗಿ ಒಳಗೆ ಕೂತು ಅಂಗಲಾಚಿದಳು. ಸಹನಾ ಕಣ್ಣು ಮುಚ್ಚಿಕೊಂಡಳು. ತಡವಿ ಬಿಡಿಸಿ, ಮಗುಚಿ ಇಟ್ಟಳು. ಹೊಸ ಕಾರ್ಡು ಕಳಿಸಿದಳು. ಬಂದೂಕು ಎತ್ತಿದಾಗ ಕುಂಕುಮದ ಬೊಟ್ಟು ಕಣ್ಣಿಗೆ ಬಿತ್ತು. ಹಿಂದಿನ ಗುಂಡು ಎಲ್ಲಿಗೆ ಹೋಯಿತೋ ಹೋಗಲಿ, ಬಂದೂಕು ನೆಟ್ಟಗಿದೆ. ನಡುವಿಗೆ ಹಿಡಿದಳು. ಒಂದು ಕೂದಲೂ ಸರಿಸದೆ ಹೊಡೆದಳು.

ಮೇಜಿನ ಹಿಂದೆ ಕೂತ ತೀರ್ಪುಗಾರರು ಕಾರ್ಡು ತಿರುವಿ ತಿರುವಿ ಓದಿದರು. ಮೊದಲ ಹತ್ತು ತೊಂಬತ್ತೊಂದು. ಎರಡನೆಯ ಹತ್ತು ತೊಂಬತ್ತೆರಡು. ಮೂರನೆಯದು ಎಂಬತ್ತೆಂಟು. ಕೊನೆಯ ಹತ್ತರಲ್ಲಿ ಎಂಬತ್ತೊಂಬತ್ತು ಬರಬೇಕು, ಒಂದು ಕಮ್ಮಿಯಾದರೂ ಇಲ್ಲ. ಸಹನಾ ನೆಲ ನೋಡುತ್ತ ನಿಂತಳು.

"ಏಳು" ಎಂದರು. "ಹತ್ತು. ಒಂಬತ್ತು. ಒಂಬತ್ತು. ಒಂಬತ್ತು. ಹತ್ತು." ಮುಂದಿನವನ್ನು ಅವಳು ಕೂಡಲಿಲ್ಲ. ಕೂಡುವುದು ಅವರ ಕೆಲಸ. "ತೊಂಬತ್ತು. ಒಟ್ಟು ಮುನ್ನೂರ ಅರವತ್ತೊಂದು. ಇಲ್ಲಿ ಸಹಿ ಮಾಡಮ್ಮ."

ಸಹನಾ ಸಹಿ ಮಾಡಿದಳು.

ಕಾರ್ಡುಗಳನ್ನು ಕೇಳಿ ತೆಗೆದುಕೊಂಡು ಹೊರಗೆ ಬಂದಳು. ಹಾಲಿನ ಪಕ್ಕದಲ್ಲಿ, ಕಾಂಪೌಂಡ್ ಗೋಡೆಗೆ ಮೂಗು ತಾಕುವಷ್ಟು ಹತ್ತಿರ, ನರಸಿಂಹರಾಜು ಬೆನ್ನು ಮಾಡಿ ನಿಂತಿದ್ದ. ಕಿವಿ ಮುಚ್ಚುವ ಹಾಗೆ ಟವೆಲ್ಲು ಸುತ್ತಿದ್ದ. ಪಂಪು ಕಾಲ ಬಳಿ ಇತ್ತು. ಬೆಳಗ್ಗೆ ಒಂಬತ್ತರಿಂದ ಅವನು ಆ ಗೋಡೆಯನ್ನೇ ನೋಡುತ್ತ ನಿಂತಿದ್ದನಂತೆ, ಆಮೇಲೆ ಗೇಟಿನ ಹತ್ತಿರದ ಟೀ ಅಂಗಡಿಯವನು ಹೇಳಿದ. ಇಪ್ಪತ್ತೆಂಟು ವರ್ಷ ಗುಂಡು ಎಲ್ಲಿ ಬಿತ್ತೆಂದು ನೋಡಿಯೇ ಬದುಕಿದ ಮನುಷ್ಯ.

ಸಹನಾ ಹೆಗಲು ಮುಟ್ಟಿದಳು. ಅವನು ತಿರುಗಲಿಲ್ಲ.

"ಎಡಕ್ಕಾ, ಬಲಕ್ಕಾ?" ಎಂದು ಗೋಡೆಯನ್ನೇ ಕೇಳಿದ.

"ನಡುವಿಗೆ ಕಣಪ್ಪ" ಎಂದಳು. "ತಿರುಗು ಈ ಕಡೆ."

ಅವನು ಕಟ್ಟೆಯ ಮೇಲೆ ಕೂತು ನಲವತ್ತು ಕಾರ್ಡನ್ನೂ ಒಂದೊಂದಾಗಿ ನೋಡಿದ. ಮೂವತ್ತೊಂದನೆಯದಕ್ಕೆ ಬಂದು ನಿಂತ. ಏಳರ ಉಂಗುರದಲ್ಲಿ, ಎಡಕ್ಕೆ, ಒಂದು ತೂತು.

"ಇದೇನು?"

"ನೀನು ಕೆಮ್ಮಿದೆ."

ನರಸಿಂಹರಾಜು ತುಂಬ ಹೊತ್ತು ಆ ತೂತಿನ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಮೂವತ್ತೆರಡನೆಯದನ್ನು ತೆಗೆದು ನೋಡಿದ. ಅದರಲ್ಲಿ ನಡುವಿನ ಚುಕ್ಕೆಯೇ ಇರಲಿಲ್ಲ, ಗುಂಡು ತಿಂದುಹಾಕಿತ್ತು. ಅವನ ಕಣ್ಣು ತುಂಬಿದವು.

"ಅಂಗಾರೆ ಇದು ನಂದು" ಎಂದು ಏಳರ ಕಾರ್ಡನ್ನು ಅಂಗಿಯ ಜೇಬಿಗೆ ಇಟ್ಟುಕೊಂಡ. "ಮಿಕ್ಕಿದ್ದೆಲ್ಲ ನಿಂದು ಕಣವ್ವ, ತಗೋ."

ಸಹನಾ ಮೂವತ್ತೊಂಬತ್ತು ಕಾರ್ಡುಗಳಿಗೆ ರಬ್ಬರ್ ಹಾಕಿದಳು. ಅಪ್ಪ ಪಂಪು ಹೆಗಲಿಗೆ ಏರಿಸಿದ. ಇಬ್ಬರೂ ಮಧುಗಿರಿ ಬಸ್ಸಿಗೆ ನಡೆದರು. ದಾರಿಯಲ್ಲಿ ಎರಡು ಸಲ ಅವನಿಗೆ ಕೆಮ್ಮು ಬಂತು, ಎರಡು ಸಲವೂ ಬಾಯಿಗೆ ಟವೆಲ್ಲು ಒತ್ತಿಕೊಂಡ. ಮೂರನೆಯ ಸಲ ಬಂದಾಗ ಅವಳು ಟವೆಲ್ಲು ಕಿತ್ತುಕೊಂಡು, "ಈಗ ಕೆಮ್ಮಪ್ಪ" ಎಂದಳು.